ಬ್ಲೇಡು ನಡುಗೂ ಜಾಗ

ಬ್ಯಾಡಗಿ ಖಾರದ ಮಿಲ್ಲಿನಿಂದ ಬಂದ ಮೋಟಾರು
ಬಿಚ್ಚೂ ಮೊದಲ ಮೂಗಿಗೆ ಅರಿವಿ ಕಟ್ಟಬೇಕು.
ಒಳಗ ಕೆಂಪನ ಧೂಳು, ಸುಟ್ಟ ವಾರ್ನಿಶಿನ ನಾತ,
ಕರ್ರಗಾದ ತಾಮ್ರ.
ಮೂವತ್ತು ವರ್ಷ ಆತು, ಎಣಿಸಿ ಸುತ್ತತೀನಿ.

ಮಿಕ್ಸರಿನ ಆರ್ಮೇಚರ್ ಆದರ
ಗ್ರೌಲರ್ ಮ್ಯಾಲ ಇಟ್ಟು, ಮುರಿದ ಹ್ಯಾಕ್ಸಾ ಬ್ಲೇಡು ಹಿಡಿದು
ನಿಧಾನ ತಿರುವತೀನಿ.
ಎಲ್ಲಿ ಕಾಯಿಲ್ ಶಾರ್ಟ್ ಆಗೇತೋ ಅಲ್ಲಿ
ಬ್ಲೇಡು ಝರ್ರಂತ ನಡುಗತೈತಿ.
ಕಣ್ಣಿಗೇನೂ ಕಾಣೂದಿಲ್ಲ. ಬೆರಳಿಗೆ ಗೊತ್ತಾಗತೈತಿ.

ಕಾಳಿಕಾ ಐತವಾರ ಧಾರವಾಡದಿಂದ ಪ್ಯಾಸೆಂಜರಿಗೆ ಬರತಾಳ.
ನಟ್ಟಿನ ಡಬ್ಬಿ ಸರಿಸಿ ಬೆಂಚಿನ ಮ್ಯಾಲ ಲ್ಯಾಪ್‌ಟಾಪ್.
ಆಕಿ ಹುಡುಕೂದೂ ಮ್ಯಾಗ್ನೆಟ್ಟೇ ಅಂತ.
ಎಲ್ಲಿ?
ಪುಸ್ತಕದಾಗ ಶ್ವೇತಕುಬ್ಜ, ನನ್ನ ಬಾಯಾಗ ಬಿಳೇ ಗಿಡ್ಡ:
ಉರಿಯೂದು ಮುಗಿಸಿದ ಚಿಕ್ಕಿ, ಇನ್ನೂ ಆರಿಲ್ಲ,
ಭೂಮಿಯಷ್ಟ ಗಾತ್ರ, ಸೂರ್ಯನ ಅರ್ಧಕ್ಕೂ ಮಿಕ್ಕ ತೂಕ.
"ಎಷ್ಟು ಬಿಸಿ?"
"ಐವತ್ತು ಸಾವಿರ ಡಿಗ್ರಿ."

ನಕ್ಕೆ. ಅಪ್ಪನ ಕುಲುಮಿ ಮುಂದ ಬೆಳೆದಾವ ನಾ.
ಕೆಂಪಗೆ ಕಾದ ಕುಡಗೋಲಿಗೆ ಮ್ಯಾಗ್ನೆಟ್ ಹತ್ತೂದಿಲ್ಲ;
ಆ ಗುರುತು ನೋಡೇ ಅಪ್ಪ ನೀರಾಗ ಅದ್ದತಿದ್ದ.
"ಅಲ್ಲಿ ಕಬ್ಬಿಣ ಇಲ್ಲಪ್ಪಾ" ಅಂದಳು.
"ಚಿಕ್ಕಿ ಕುಗ್ಗುವಾಗ ಮೊದಲಿದ್ದ ಸೆಳೆತಾನೂ
ಒತ್ತಿ ಬಿಗಿದಿರಬೇಕು ಅಂತಾರ.
ಖರೇ ಇನ್ನೂ ಯಾರಿಗೂ ಗೊತ್ತಿಲ್ಲ."
ಹಂಗಾರ ಆ ಕಾಯಿಲ್ ಸುತ್ತಿದಾವ ಯಾರು
ಅಂತ ಕೇಳಬೇಕಂದಾವ ಬೀಡಿ ಹಚ್ಚಿದೆ.

ಆಕಿ ಕೈಯಾಗ ಬ್ಲೇಡಿಲ್ಲ. ಬೆಳಕೈತಿ.
ಚಿಕ್ಕಿ ಬೆಳಕು ಬಿಡಿಸಿ ಹಾಸಿದರ ನಡುನಡುವ ಕರೀ ಗೆರಿ.
ಮ್ಯಾಗ್ನೆಟ್ ಇದ್ದರ ಒಂದ ಗೆರಿ ಮೂರಾಗಿ ಸೀಳತೈತಿ.
ಬಿಸಿ ಚಿಕ್ಕಿಯೊಳಗ ಗೆರಿ ಮೊದಲ ಅಗಲ,
ಅಂಚು ಅರಿವಿಲೆ ಒರೆಸಿದಂಗ.
ಸೀಳಿದ್ದು ಖರೇನೋ, ನೋಡಾವರ ಆಸೆಯೋ.

ಆರು ತಿಂಗಳು ಒಂದ ಚಿಕ್ಕಿ.
ರಾತ್ರಿ ಕರೆಂಟ್ ಹೋಗಿತ್ತು. ಕಡೇ ಸಾಲು ಬರೆದು
ನನಗ ಓದಿ ಹೇಳಿದಳು:
"ಕಾಂತಕ್ಷೇತ್ರ ಕಂಡುಬಂದಿಲ್ಲ.
ಇದ್ದರೆ, ಇಷ್ಟಕ್ಕಿಂತ ಕಡಿಮೆ."
ಆಮ್ಯಾಲ ಬಾಳ ಹೊತ್ತು ಸುಮ್ಮನ ಕುಂತಳು.

ನಾನೂ ಗಿರಾಕಿಗೆ ಹೇಳೀನಿ ಎಷ್ಟೋ ಸಲ:
ಕಾಯಿಲ್ ಸುಟ್ಟಿಲ್ರಿ, ಸುಮ್ಮನ ಸುತ್ತಿಸಬ್ಯಾಡ್ರಿ,
ಬೇರಿಂಗ್ ನೋಡ್ರಿ.
ಅಂಥಾ ದಿನ ಗಲ್ಲಾದಾಗ ಚಿಲ್ಲರಾನೂ ಇರೂದಿಲ್ಲ.
ಇದನ್ನ ಆಕಿಗೆ ಹೇಳಿದ್ನೋ ಇಲ್ಲೋ, ನೆನಪಿಲ್ಲ.

ಸ್ವಾಮಾರ ಆಕಿ ಹೋದ ಮ್ಯಾಲ
ಬೆಂಚಿನ ಮ್ಯಾಲ ಬ್ಲೇಡಿನ ತುಂಡು ಕಾಣಲಿಲ್ಲ.
ಹುಡುಕಲಿಲ್ಲ.
ಹೊಸಾದೊಂದು ಮುರಕೊಂಡೆ.