ಕಾಲಿನ ಕೈಗಡ

ನೆಹರೂ ಮೈದಾನಿನ ಮೂಲೆಯಲ್ಲಿ
ಮಸಾಲೆ ನೆಲಗಡಲೆಯ ಪೊಟ್ಟಣ ಬಿಚ್ಚಿದರೆ
ಒಳಗೊಬ್ಬ ಇಂಗ್ಲೆಂಡಿನವ.
ಕೆಂಪು ಮೂಗು, ಮುಂದಿನ ಹಲ್ಲು ಒಂದಿಲ್ಲ,
ಕೆಳಗೆ ಹೆಸರು: ರೊನಾಲ್ಡ್ ಹ್ಯಾಥರ್ಲಿ, ಫಾರ್ವರ್ಡ್.
ಅದರ ಕೆಳಗೆ ಅವನ ಜಾತಕ.
ಇಸವಿ, ಕ್ಲಬ್ಬು, ಆಡಿದ ಪಂದ್ಯ, ಹೊಡೆದ ಗೋಲು.

ಕಡಲೆ ನಾನು ತಿಂದೆ.
ಕಾಗದ ಕುಂಞಿಮೋನು ಇಟ್ಟುಕೊಂಡ.

ನಾನು ಬೊಕ್ಕಪಟ್ಣದ ಗೋಲಿ, ಅವನು ಬಂದರಿನ ಫಾರ್ವರ್ಡ್.
ಅವನ ಎಡಗಾಲಿನೆದುರು ನಿಂತು ನಿಂತು
ಚೆಂಡು ಬರುವ ಮೊದಲೇ ಬಲಕ್ಕೆ ಹಾರುವ
ಕೆಟ್ಟ ಚಾಳಿ ಅಂಟಿತ್ತು ನನಗೆ.

ಒಂಬತ್ತು ಸಾಲು ಆ ಪಟ್ಟಿಯಲ್ಲಿ. ಒಂಬತ್ತು ಊರು.
ಕಲ್ಲಿದ್ದಲಿನ ಊರೋ, ಉಣ್ಣೆಯ ಊರೋ, ನಮಗೇನು ಗೊತ್ತು?
ನಾಲ್ಕರ ಮುಂದೆ ಮಾತ್ರ ಒಂದೇ ಶಬ್ದ: ಲೋನ್.
"ಎಂತದ್ದು ಮಾರಾಯ ಇದು? ಬ್ಯಾಂಕಿನವನಾ?"
ಮಿಲಾಗ್ರಿಸಿನ ಮಾಸ್ಟ್ರು ಬಿಡಿಸಿ ಹೇಳಿದರು,
ಒಂದೂರಿನವರು ಇನ್ನೊಂದೂರಿಗೆ
ಆಳನ್ನೇ ಎರವಲು ಕೊಡುವುದಂತೆ,
ಕೇಳಿದ ದಿನ ತಿರುಗಿ ಕೊಡಬೇಕಂತೆ.
ಕುಂಞಿಮೋನು ಹೊಟ್ಟೆ ಹಿಡಿದು ನಕ್ಕ:
"ಹಾಗಾದರೆ ಕಾಲಿನ ಕೈಗಡ!"

ಅವನನ್ನೂ ಕೊಟ್ಟರು.
ಉಳ್ಳಾಲಕ್ಕೆ ಒಮ್ಮೆ, ಕಾಸರಗೋಡಿನ ಸೆವೆನ್ಸಿಗೆ ಎರಡು ಸಲ,
ಪಯ್ಯನ್ನೂರಿನಲ್ಲಿ ಟ್ಯೂಬ್‌ಲೈಟು ಕಟ್ಟಿದ ಗದ್ದೆಗೆ.
ಬಸ್ಸಿನ ಚಾರ್ಜು, ಬಿರಿಯಾನಿ, ಗೆದ್ದರೆ ಮೇಲೆ ಐವತ್ತು.
ಸೋತರೆ ಬಿರಿಯಾನಿ ಮಾತ್ರ. ಒಂದು ಸಲ ಅದೂ ಇಲ್ಲ,
ಕೊನೆಯ ಬಸ್ಸು ತಪ್ಪಿ ತಲಪಾಡಿಯಿಂದ ನಡೆದು ಬಂದ.
ಹೋದಲ್ಲೆಲ್ಲ ಬೇರೆ ಬಣ್ಣದ ಜೆರ್ಸಿ,
ಕಂಕುಳಲ್ಲಿ ಬೇರೆ ಯಾರದೋ ಬೆವರು.
ಊರಿಗೆ ಬಂದವನು ಆ ಕಾಗದ ಬಿಚ್ಚಿ
ರೊನಾಲ್ಡನ ಸಾಲಿನ ಮಗ್ಗುಲಿಗೇ
ಪೆನ್ಸಿಲಿನಲ್ಲಿ ತನ್ನದನ್ನೂ ಬರೆಯುತ್ತಿದ್ದ.
ಆರು ಸಾಲಿನವರೆಗೆ ಇಬ್ಬರೂ ಸಮಸಮ ಓಡಿದರು.

ಏಳನೆಯದರಲ್ಲಿ ಗದ್ದೆಯ ಕೂಳೆಗೆ ಬೂಟು ಸಿಕ್ಕಿತು.
ಮೊಣಗಂಟು ಒಂದು ಕಡೆ, ಕುಂಞಿಮೋನು ಒಂದು ಕಡೆ.
ಎರವಲು ತಂದವರು ಟ್ಯಾಕ್ಸಿಯಲ್ಲಿ ಮಲಗಿಸಿ ಕಳಿಸಿದರು,
ಬಾಡಿಗೆ ನಿಮ್ಮ ಕ್ಲಬ್ಬೇ ಕೊಡಲಿ ಅಂತ ಚೀಟಿ ಸಿಕ್ಕಿಸಿ.
ಕ್ಲಬ್ಬಿನವರು ಆ ಹೊತ್ತಿಗೆ ನಮಾಜಿಗೆ ಹೋಗಿದ್ದರು,
ಬಾಡಿಗೆ ನಾನು ಕೊಟ್ಟೆ.
ಒಡೆದ ಮೇಲೆ ಎರವಲಿನ ಪಾತ್ರೆ ಯಾರದ್ದೂ ಅಲ್ಲ.

ಆಮೇಲೆ ದಕ್ಕೆಯ ಐಸು ಪ್ಲಾಂಟು.
ಬಂಗುಡೆಗೆ ಒಂದು ಬುಟ್ಟಿ, ಮೊಣಗಂಟಿಗೆ ಒಂದು ಹಿಡಿ.
ಧನಿಯ ಪುಸ್ತಕದಲ್ಲಿ ಎರಡೂ ಕರಗಿದ ಲೆಕ್ಕ.

ಕಾಗದದಲ್ಲಿ ರೊನಾಲ್ಡ್ ಮುಂದೆ ಹೋದ, ಒಬ್ಬನೇ.
ಏಳು, ಎಂಟು... ಪಂದ್ಯ ಕಡಿಮೆ, ಗೋಲು ಕಡಿಮೆ,
ಊರಿನ ಹೆಸರು ಮಾತ್ರ ಉದ್ದ ಉದ್ದ.
ಒಂಬತ್ತನೆಯ ಸಾಲು: ಪಂದ್ಯ ಇಪ್ಪತ್ತೊಂದು.
ಗೋಲಿನ ಜಾಗದಲ್ಲಿ ಕಡಲೆಯ ಎಣ್ಣೆ.
ಬೆಳಕಿಗೆ ಹಿಡಿದರೆ ಸೊನ್ನೆಯೂ ಹೌದು, ಎಂಟೂ ಹೌದು.

ಮೂವತ್ತೈದು ವರ್ಷ ಈ ಒಂದು ಕಲೆಯ ಮೇಲೆ ಜಗಳ.
ಸೊನ್ನೆ, ಎನ್ನುತ್ತೇನೆ ನಾನು.
ಗೋಲಿಯಾದವನಿಗೆ ಸೊನ್ನೆಯೇ ಸೊಗಸು.
ಎಂಟು, ಎನ್ನುತ್ತಾನೆ ಅವನು, ಎರಡು ಪೆನಾಲ್ಟಿ ಸೇರಿ.

ಮೊನ್ನೆ ಮೊಮ್ಮಗ ಮುಬಶ್ಶಿರ್ ಫೋನು ತೆಗೆದ.
"ಹೆಸರು ಹೇಳಿ ಉಪ್ಪಾಪ, ಒಂದು ನಿಮಿಷ ಸಾಕು.
ಎಷ್ಟು ಗೋಲು, ಬದುಕಿದ್ದಾನಾ ಸತ್ತನಾ, ಎಲ್ಲ ಬರ್ತದೆ."
ನನ್ನ ನಾಲಿಗೆಯ ಮೇಲೆ 'ಹ್ಯಾ'ದವರೆಗೆ ಬಂದಿತ್ತು.
ಕುಂಞಿಮೋನು ಕೊಡತಿ ಕೆಳಗಿಟ್ಟ,
ಕೈ ಒರೆಸಿಕೊಂಡ, ಅಂಗಿಯ ಜೇಬು ಮುಟ್ಟಿ ನೋಡಿಕೊಂಡ.
"ಹೆಸರು ಮರೆತು ಹೋಯಿತು ಮಗಾ," ಎಂದ.

ಹುಡುಗ ಹೋದ. ಬೋಟು ಬಂತು, ಬುಟ್ಟಿಗಳು ಇಳಿದವು,
ಕಾಗೆಗಳ ಗಲಾಟೆ.
ಎರಡು ಬುಟ್ಟಿಯ ನಡುವೆ ಕೂತು ನಾನು ಬೀಡಿ ಹಚ್ಚುತ್ತಿದ್ದೆ.
ಮುಷ್ಟಿಯಷ್ಟು ಐಸು ಜಾರಿ, ಉರುಳಿ,
ಅವನ ಎಡಗಾಲ ಬಳಿ ನಿಂತಿತು.
ಅವನು ಅದನ್ನು ನೋಡಿದ. ನನ್ನನ್ನು ನೋಡಿದ.

ನಾನಾಗಲೇ ಬಲಕ್ಕೆ ವಾಲಿದ್ದೆ.