ಮೂರು ನಿಮಿಷ

ಏಪ್ರಿಲ್, ಎಸ್ಟೋನಿಯಾ. ಹಿಮ ಕರಗಿದ ಮೊದಲ ರಾತ್ರಿ
ಕಾಡಿನಿಂದ ಕೆರೆಗೆ ಹೊರಟಿವೆ ಕಪ್ಪೆಗಳು.
ನಡುವೆ ಅಡ್ಡ ಮಲಗಿದೆ ಡಾಂಬರು.

ಬಕೆಟ್ ಹಿಡಿದ ಹುಡುಗರಿಗೆ ನಾನು ಕಲಿಸಿದ್ದಿಷ್ಟೇ:
ಒದ್ದೆ ಕೈಯಲ್ಲೇ ಎತ್ತಿ, ಸತ್ತದ್ದನ್ನೂ ಎಣಿಸಿ,
ಪುರಸಭೆಯಲ್ಲಿ ಮೂರೇ ನಿಮಿಷ, ಅಳಬೇಡಿ.

ಊಕು ಎದ್ದ. ಹದಿನೈದು ವರ್ಷ, ಒಡೆದ ದನಿ.
"ದಾಟಿಸಿದ್ದು ನಾನೂರ ಹನ್ನೆರಡು.
ಅಪ್ಪಚ್ಚಿಯಾದದ್ದು ತೊಂಬತ್ತೇಳು.
ರಾತ್ರಿ ಹತ್ತರಿಂದ ಐದರವರೆಗೆ ರಸ್ತೆ ಮುಚ್ಚಿ. ಎರಡೇ ವಾರ."

"ಅಷ್ಟು ಹೊತ್ತಲ್ಲಿ ಓಡಾಡೋರು ಯಾರಪ್ಪಾ?"
ನಕ್ಕರು ಯಾರೋ.

"ನಮ್ಮಪ್ಪ," ಅಂದ. "ದಿಮ್ಮಿ ಲಾರಿ."

ಇದನ್ನು ನಾನು ಕಲಿಸಿರಲಿಲ್ಲ.
ಹಿಂದಿನ ಸಾಲಿನಲ್ಲಿ ಒಬ್ಬರು
ಮಡಿಲಲ್ಲಿದ್ದ ಟೋಪಿಯನ್ನು ತಿರುಗಿಸಿದರು, ತಿರುಗಿಸಿದರು,
ಸ್ಟೀರಿಂಗಿನ ಹಾಗೆ.

ಇನ್ನೂ ನಲವತ್ತು ಸೆಕೆಂಡು ಉಳಿದಿತ್ತು.
ಊಕು ಕೂರಲಿಲ್ಲ.