ಹಿಮ್ಮೇಳ

ಮೂವತ್ತೊಂದು ವರ್ಷ ನಾ ಹಾಡಿದ್ದು ಇಷ್ಟ:
ಗೀಯ ಗಾ, ಗೀಯ ಗಾ, ಗೀ ಗೀ.
ಅರ್ಥ ಕೇಳಬ್ಯಾಡ್ರಿ, ಅದಕ್ಕ ಅರ್ಥ ಇಲ್ಲ.
ಅರ್ಥ ಎಲ್ಲಾ ದುಂಡವ್ವನ ಬಾಯಾಗ.

ಹಗಲೆಲ್ಲಾ ರಬಕವಿ ಓಣ್ಯಾಗ ಕಂಡಿಕಿ ಸುತ್ತತಿದ್ಲು,
ಉಗುರಿನ ಸಂದ್ಯಾಗ ನೀಲಿ ಬಣ್ಣ.
ಅಂಗಡಿ ಫಲಕದ ದೊಡ್ಡಕ್ಷರನೂ ಓದಾಕ ಬರತಿರಲಿಲ್ಲ.
ಕೇಳಿದ್ದು ಮರೀತಿರಲಿಲ್ಲ,
ಹಾಡಿದ್ದು ನೆನಪಿಡತಿರಲಿಲ್ಲ.
"ಬಿಟ್ಟ ಉಸಿರು ತಿರುಗಿ ಎಳಕೊಂತಾರೇನ?" ಅಂತಿದ್ಲು.

ರಾತ್ರಿ ಪವರ್‌ಲೂಮ್ ನಿಂತ ಮ್ಯಾಲೂ
ಊರ ಕಿವ್ಯಾಗ ಖಟಪಟ ಇರತಿತ್ತು.
ಅದು ಇಳಿಯೂತನಕ ದಪ್ಪು ಬೆಂಕಿಗೆ ಹಿಡದು ಕಾಸತಿದ್ಲು,
ನಾ ಕಲ್ಗಿ ಕಟ್ಟತಿದ್ದೆ.
ಎದುರಿಗೆ ತುರಾಯಿ ಕಟ್ಟಿದ ದಸ್ತಗೀರಸಾಬ, ಸಾವಳಗಿಯಾಂವ,
ಎಡಗೈ ಕಿವಿಗೆ, ಕಣ್ಣಾಗ ಜಗಳ:
"ಮೊದಲ ಬಿಗದದ್ದು ಹಾಸು, ಗಂಡಸು.
ಹೊಕ್ಕು ನೀ, ಹಿಂದಿಂದ ಬಂದಾಕಿ!"
ದುಂಡವ್ವ ದಪ್ಪು ಒಮ್ಮೆ ಬಡದಳು:
"ಬಿಗದು ನಿಂತರ ಬರೇ ನೂಲೋ ತಮ್ಮಾ,
ನಾ ಹಾಯ್ದ ಮ್ಯಾಲೆ ಸೀರಿ."
ಜನ ಹೋ ಅಂದ್ರು. ನಾ ಗೀಯ ಗಾ ಅಂದೆ.
ಮುಂಜಾನೆ ಚಾದಂಗಡ್ಯಾಗ ರೊಕ್ಕ ಆಂವನ ಕೊಡತಿದ್ದ,
ಸೋತ ದಿನ ಮಿರ್ಚಿನೂ ತಿನಸತಿದ್ದ.

ಧಾರವಾಡ ರೇಡಿಯೋದವರು ಕರದಿದ್ರು ಒಮ್ಮೆ.
ಗಾಜಿನ ಖೋಲಿ, ಏಳು ನಿಮಿಷ.
"ಎದುರಿಗೆ ಯಾರದಾರ?" ಅಂದ್ಲು.
"ಮೈಕು," ಅಂದ್ರು.
"ಅದು ತಿರುಗಿ ಕೇಳತೈತೇನು?"
ಬಸ್ ಚಾರ್ಜ್ ಇಸಕೊಂಡು ಹಾಡಲಾರದ ಬಂದ್ವಿ.

ಶೀಗಿ ಹುಣ್ಣಿವಿ ಮರುದಿನ ಹೋದ್ಲು.
ಮಗಳು ಟ್ರಂಕು ತಗದ್ಲು: ನಾಕು ಸೀರಿ,
ಒಂದು ಬೆಳ್ಳಿ ಕಡಗ, ಹರದ ದಪ್ಪಿನ ಚರ್ಮ.
ಹಾಡು ಒಂದೂ ಇಲ್ಲ.
ಯೂನಿವರ್ಸಿಟಿ ಹುಡುಗಿ ವಹಿ ಹಿಡಕೊಂಡು ನನ್ನ ಮುಂದ ಕುಂತ್ಲು:
"ನೀವು ಜೋಡಿಗೆ ಇದ್ದಾರು, ಹೇಳ್ರಿ ಅಜ್ಜಿ."
ಹೇಳಿದೆ. ಗೀಯ ಗಾ.
ಬರಕೊಂಡ್ಲು, ಪಾಪ.

ಮೂರನೇ ಅಮಾಸಿಗೆ ದಸ್ತಗೀರಸಾಬ ಬಂದ,
ಮೊಮ್ಮಗನ ಗಾಡಿ ಹಿಂದ, ಕೋಲು ತೊಡಿ ಮ್ಯಾಲೆ ಅಡ್ಡ ಇಟಗೊಂಡು.
ಹಲ್ಲಿಲ್ಲ. ದನಿ ಸಣ್ಣಾಗೇತಿ.
ಕುಂದರು ಅನ್ನೂದರಾಗ ಸವಾಲು ಎತ್ತಿದ,
ತಡದ, ಒಳಬಾಗಲ ಕಡೆ ನೋಡಿದ,
ಆಮ್ಯಾಲೆ ಜವಾಬೂ ತಾನ ಎತ್ತಿದ,
ಆಕಿದ ಧಾಟಿ,
ಆಕಿ ಉಸಿರು ಎಳಿಯೂ ಜಾಗಾದಾಗನ ಉಸಿರು ಎಳದು.
ಎಪ್ಪತ್ತಾರನೇ ಇಸವಿ ತೇರದಾಳದ್ದು,
ಗಲಗಲಿ ಹೊಳಿದಂಡಿಯೊಳಗ ಬೆಳತನಕ ನಡದದ್ದು,
ತಾ ಸೋತದ್ದೆಲ್ಲಾ ಬಾಯಿಪಾಠ.
ಗೆದ್ದದ್ದು ಹೇಳಂದ್ರ
"ನೆನಪಿಲ್ಲವ್ವ," ಅಂದ.

ಹುಡುಗಿ ಬರಕೋತ ಕೇಳಿದ್ಲು:
"ಹೆಸರು ಯಾರದು ಹಾಕಲಿ?"
ಆಂವ ಉತ್ತರ ಕೊಡಲಿಲ್ಲ.
ನುಡಿ ಮುಗಿಸಿ ನನ್ನ ಮಾರಿ ನೋಡಿಕೋತ ಕುಂತಿದ್ದ,
ಹಿಮ್ಮೇಳ ಬೀಳೂತನಕ
ನುಡಿ ಮುಗಿಯಂಗಿಲ್ಲ ಅನ್ನೂದು ಆಂವಗೂ ಗೊತ್ತು.

ತುರಾಯಿ ಪಕ್ಷಕ್ಕ ನಾ ಎಂದೂ ದನಿ ಕೊಟ್ಟಾಕಿ ಅಲ್ಲ.
ಗೂಟದ ಮ್ಯಾಲೆ ಕಲ್ಗಿ ಹುಡುಕಿದೆ,
ಇಲಿ ಒಯ್ದಿತ್ತೇನೋ.
ಸೆರಗು ಸೊಂಟಕ್ಕ ಸಿಗಿಸಿ
ಗೀ ಅಂದೆ.